ಓಗೊಡುವ ಬಂದೂಕು

ನಮ್ಮ ಅತ್ತೆಯ ಬಂದೂಕಿಗೆ ಬೀಗ ಹಾಕಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕರಡಿಹಟ್ಟಿಯಲ್ಲಿ ಯಾರನ್ನು ಕೇಳಿದರೂ ನನ್ನ ಪರಿಚಯ ಹೀಗೆಯೇ ಆಗುತ್ತದೆ. ಇಂಜಿನಿಯರ್ ಇಂದುಮತಿ ಎಂದರೆ ಯಾರಿಗೂ ಗೊತ್ತಿಲ್ಲ. "ಬೊಮ್ಮವ್ವನ ಬಂದೂಕಿಗೆ ಬೀಗ ಜಡಿದ ಸೊಸಿ" ಎಂದರೆ ಬಸ್ ಸ್ಟ್ಯಾಂಡಿನಲ್ಲೇ ಮನೆಯ ದಾರಿ ತೋರಿಸುತ್ತಾರೆ.

ಕೂಡ್ಲಿಗಿ ಸೀಮೆಯ ಕಲ್ಲುಗುಡ್ಡಗಳ ನಡುವಿನ ಊರು ಅದು. ಗುಡ್ಡದ ಸಂದುಗಳಲ್ಲಿ ಕರಡಿ, ಕೆಳಗಿನ ಹೊಲಗಳಲ್ಲಿ ಶೇಂಗಾ ಮತ್ತು ಮೆಕ್ಕೆಜೋಳ, ಎರಡರ ನಡುವೆ ಬೆಳಕು ಹರಿಯುವ ಮುನ್ನವೂ ಹೊತ್ತು ಮುಳುಗುವಾಗಲೂ ಕಾಡುಹಂದಿಗಳ ಓಡಾಟ. ಮಾವ ತೀರಿಹೋದ ಮೇಲೆ ಬೆಳೆ ಕಾಯುವ ಒಂಟಿ ನಳಿಗೆ ಬಂದೂಕಿನ ಲೈಸೆನ್ಸು ಅತ್ತೆಯ ಹೆಸರಿಗೆ ಬಂತು. ನನ್ನ ಗಂಡ ಗಾದಿಲಿಂಗ ಅದೇ ಊರಿನ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಸೀಟಿ ಬಿಟ್ಟರೆ ಬೇರೆ ಯಾವ ಆಯುಧವೂ ಆತನ ಕೈಗೆ ಒಗ್ಗುವುದಿಲ್ಲ. ಹಾಗಾಗಿ ಹೊಲದ ಕಾವಲು ಅಟ್ಟ ಹತ್ತುವುದು, ಹೊಲ ಕಾಯುವುದು, ಗುಂಡು ಹಾರಿಸುವುದು ಎಲ್ಲವೂ ಅತ್ತೆ ಬೊಮ್ಮವ್ವನ ಪಾಲಿಗೇ ಬಂದಿತ್ತು. ಹಾರಿಸುವ ಮೊದಲು ಆಕೆ "ಯಾರದೀರಿ ಹೊಲದಾಗ?" ಎಂದು ಮೂರು ಸಲ ಕೂಗುತ್ತಿದ್ದಳು. ಆ ಕೂಗಿಗೆ ಅರ್ಧ ಹಂದಿಗಳು ಓಡಿಯೇ ಹೋಗುತ್ತಿದ್ದವು. ಮತ್ತೆ ಬಂದೂಕು ಯಾಕೆ ಬೇಕು ಎಂದು ನಾನು ಒಮ್ಮೆ ತಮಾಷೆ ಮಾಡಿದ್ದಕ್ಕೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು.

ಬೀಗ ಬಂದದ್ದಕ್ಕೆ ಕಾರಣ ಒಂದು ಸಾವು. ಮೂರು ವರ್ಷದ ಹಿಂದೆ ಒಂದು ಮುಸ್ಸಂಜೆ ಸಣ್ಣೀರಪ್ಪ ಎಂಬ ರೈತರು ತಮ್ಮ ಶೇಂಗಾ ಹೊಲದಲ್ಲಿ ಸಪ್ಪಳ ಕೇಳಿ, ಹಂದಿ ಎಂದುಕೊಂಡು ಗುಂಡು ಹೊಡೆದರು. ಅಲ್ಲಿ ಬಗ್ಗಿಕೊಂಡು ನೀರಿನ ಪೈಪು ಕೂಡಿಸುತ್ತಿದ್ದವನು ಪಕ್ಕದ ಹೊಲದ ತಿಪ್ಪೇಶಿ. ಆಸ್ಪತ್ರೆ ಮುಟ್ಟುವ ಮೊದಲೇ ಅವನ ಜೀವ ಹೋಯಿತು. ತಿಪ್ಪೇಶಿಯ ಹೆಂಡತಿ ಬಸಕ್ಕ ನಮ್ಮ ಅತ್ತೆಗೆ ಬಾಲ್ಯದ ಗೆಳತಿ. ಇಬ್ಬರ ಹೊಲದ ನಡುವೆ ಇರುವುದು ಒಂದೇ ಬದು. ಬುತ್ತಿ ಬಿಚ್ಚಿದರೆ ಇಬ್ಬರೂ ಆ ಬದುವಿನ ಮೇಲೆಯೇ ಕೂತು ಬಿಚ್ಚುತ್ತಿದ್ದರಂತೆ. ಆ ಸಂಜೆಯಿಂದ ಬಸಕ್ಕ ಬಂದೂಕು ಇರುವ ಯಾವ ಮನೆಯ ಜೊತೆಗೂ ಮಾತಾಡಲಿಲ್ಲ, ನಮ್ಮ ಅತ್ತೆಯ ಜೊತೆಗೂ ಇಲ್ಲ. ಸಣ್ಣೀರಪ್ಪ ಜೈಲಿಗೆ ಹೋಗಿ ಜಾಮೀನಿನ ಮೇಲೆ ಬಂದರು. ಅವರ ಬಂದೂಕು ಕೋರ್ಟಿನ ವಶವಾಯಿತು. ಈಗ ಅವರು ಅಟ್ಟದ ಮೇಲೆ ಕೂತು ಖಾಲಿ ಎಣ್ಣೆ ಡಬ್ಬ ಬಡಿಯುತ್ತಾರೆ.

ಇಂಥ ಸಾವುಗಳು ಬೇರೆ ಕಡೆಯೂ ಆಗುತ್ತಿದ್ದವು. ಮನೆಯೊಳಗಿನ ಜಗಳದಲ್ಲಿ ಗೋಡೆಯ ಬಂದೂಕು ಕೈಗೆ ಬಂದದ್ದೂ ಇತ್ತು, ಒಬ್ಬನೇ ಕೂತು ತನ್ನ ಮೇಲೇ ತಿರುಗಿಸಿಕೊಂಡವರೂ ಇದ್ದರು. ಕೊನೆಗೆ ಸರ್ಕಾರ ಹೊಸ ನೀತಿಗೆ ಕರಡು ಬರೆಯಿತು. ಒಂದಲ್ಲ, ಮೂರು. ಚುನಾವಣೆ ಬಂದಾಗ ಮಾಡುವಂತೆ ಎಲ್ಲ ಬಂದೂಕುಗಳನ್ನೂ ಠಾಣೆಯಲ್ಲಿ ಇಡಿಸಿಬಿಡುವುದು ಒಂದನೆಯದು. ಬಂದೂಕು ಮನೆಯಲ್ಲೇ ಇರಲಿ, ಅದರ ಕುದುರೆಗೆ, ಅಂದರೆ ಟ್ರಿಗರಿಗೆ, ಯಂತ್ರದ ಬೀಗ ಬೀಳಲಿ ಎನ್ನುವುದು ಎರಡನೆಯದು. ಈಗ ಇರುವ ಹಾಗೆಯೇ ಬಿಟ್ಟು, ವರ್ಷಕ್ಕೊಮ್ಮೆ ತರಬೇತಿ ಕೊಟ್ಟರೆ ಸಾಕು ಎನ್ನುವುದು ಮೂರನೆಯದು. ಬಸಕ್ಕನಿಗೆ ಮೊದಲನೆಯದು ಬೇಕಿತ್ತು, ಅತ್ತೆಗೆ ಮೂರನೆಯದು. ಎರಡನೆಯದನ್ನು ಪರೀಕ್ಷೆ ಮಾಡಿ ವರದಿ ಕೊಡುವ ಕೆಲಸ ನನ್ನ ತಲೆಗೆ ಬಿತ್ತು.

*

ನಮ್ಮ ಪ್ರಯೋಗ ಕೇಂದ್ರ ಇದ್ದದ್ದು ಕೂಡ್ಲಿಗಿಯ ಒಂದು ಹಳೆಯ ಗೋದಾಮಿನಲ್ಲಿ. ನಾನು ಮತ್ತು ನಾಜಿಯಾ ಎಂಬ ಕಿರಿಯ ಇಂಜಿನಿಯರ್, ನಾಲ್ಕು ಪರದೆಗಳು, ಒಂದು ಕೆಟ್ಟ ಫ್ಯಾನು.

ಮೊದಲ ಪ್ರಯೋಗದಲ್ಲಿ ಬೀಗದ ಕೀಲಿ ನಮ್ಮ ಕೈಯಲ್ಲೇ ಇತ್ತು. ಹಂದಿ ಬಂದರೆ ರೈತರು ಬಂದೂಕಿನ ಗುಂಡಿ ಒತ್ತಬೇಕು, ನಮ್ಮ ಪರದೆಯಲ್ಲಿ ಅವರ ಮುಖ ಕಾಣಬೇಕು, ನಾವು ಹೆಸರು, ತಂದೆಯ ಹೆಸರು, ಲೈಸೆನ್ಸು ನಂಬರು ಸರಿನೋಡಿ ಬೀಗ ತೆಗೆಯಬೇಕು. ಅಷ್ಟು ಹೊತ್ತಿಗೆ ಹಂದಿ ಉಂಡು ಕೈ ತೊಳೆದುಕೊಂಡು ಹೋಗಿರುತ್ತಿತ್ತು. ಗುಡ್ಡದ ಆಚೆ ಸಿಗ್ನಲ್ಲೂ ಸಿಗುತ್ತಿರಲಿಲ್ಲ. ಒಂದು ದಿನ ಅತ್ತೆ ಪರದೆಯ ಮೇಲೆ ಬಂದು, "ಯವ್ವಾ ಇಂದುಮತಿ, ನಾನು ಯಾರಂತ ನಿಂಗ ಗೊತ್ತಿಲ್ಲೇನಬೇ? ಮುಂಜಾನಿ ರೊಟ್ಟಿ ಬಡಿದು ಕೊಟ್ಟಾಕಿ ಯಾರು?" ಎಂದು ಕೂಗಿದಳು. ಆದರೂ ನಿಯಮದಂತೆ ನಾನು ಆಕೆಯ ತಂದೆಯ ಹೆಸರು ಕೇಳಲೇಬೇಕಾಯಿತು. ಮರುದಿನ ನನಗೆ ರೊಟ್ಟಿ ಸಿಗಲಿಲ್ಲ.

ಎರಡನೆಯ ಪ್ರಯೋಗಕ್ಕೆ ನಾವು ಬೇರೆ ದಾರಿ ಹಿಡಿದೆವು. ಬೀಗದ ಕೀಲಿ ಕೂಡ್ಲಿಗಿಯಲ್ಲೇ ಯಾಕಿರಬೇಕು? ಅದು ಹೊಲದಲ್ಲೇ, ಸುತ್ತಲಿನ ಜನರ ಬಾಯಲ್ಲೇ ಇದ್ದರೆ?

ಇಲ್ಲಿ ಸ್ವಲ್ಪ ಯಂತ್ರದ ಮಾತು ಹೇಳಬೇಕು, ಬೇಸರಪಡಬಾರದು. ಹೊಲ ಕಾಯುವ, ಹೊಲಕ್ಕೆ ಬಂದುಹೋಗುವ ಪ್ರತಿಯೊಬ್ಬರಿಗೂ ಎಂಟಾಣೆ ಬಿಲ್ಲೆಯಷ್ಟು ಅಗಲದ ಒಂದು ಸಾಧನ ಕೊಟ್ಟೆವು. ಗಂಡಸರು ಅದನ್ನು ಉಡುದಾರಕ್ಕೆ ಕಟ್ಟಿಕೊಂಡರು, ಹೆಂಗಸರು ಕೊರಳ ದಾರಕ್ಕೆ. ಬಂದೂಕನ್ನು ಹೆಗಲಿಗೆ ಏರಿಸಿದ ಕೂಡಲೇ ಅದು ರೇಡಿಯೋ ಅಲೆ ಕಳಿಸಿ ಹತ್ತಿರದ ಬಿಲ್ಲೆಗಳನ್ನೆಲ್ಲ ಎಬ್ಬಿಸುತ್ತದೆ. ಬಿಲ್ಲೆಯಿಂದ ಬಂದೂಕಿನ ಒಡೆಯರ ದನಿಯಲ್ಲೇ, ಬಿಲ್ಲೆ ಕಟ್ಟಿಕೊಂಡವರ ಹೆಸರು ಹಿಡಿದು ಕೂಗು ಹೊರಡುತ್ತದೆ. ಅವರು ಬಾಯಿಬಿಟ್ಟು "ಓ" ಎನ್ನಬೇಕು. ಓ ಎಂದವರು ನಳಿಗೆಯ ನೇರಕ್ಕೆ ಇದ್ದರೆ ಬೀಗ ಬಿಗಿಯಾಗಿಯೇ ಇರುತ್ತದೆ, ಪಕ್ಕಕ್ಕೋ ಹಿಂದಕ್ಕೋ ಇದ್ದರೆ ತೆರೆಯುತ್ತದೆ. ಟವರು ಬೇಡ, ಸಿಗ್ನಲ್ಲು ಬೇಡ, ಇಂಜಿನಿಯರ್ ಸೊಸೆಯೂ ಬೇಡ. ಬಂದೂಕಿನ ಸುದ್ದಿ ಮಾತ್ರ ಗುಡ್ಡದ ತುದಿಯ ಒಂದು ರೇಡಿಯೋ ಪೆಟ್ಟಿಗೆಯ ಮೂಲಕ ನಮ್ಮ ಪರದೆಗೆ ಬರುತ್ತಿತ್ತು, ನಮ್ಮಿಂದ ಅತ್ತ ಏನೂ ಹೋಗುತ್ತಿರಲಿಲ್ಲ. ಮನೆಯೊಳಗೆ ಒಬ್ಬನೇ ಕೂತು ಬಂದೂಕು ಎತ್ತಿಕೊಂಡರೆ ಅದು ಅಲುಗುವುದೇ ಇಲ್ಲ, ಯಾಕೆಂದರೆ ಮನೆಯ ಸುತ್ತಲಿನ ಗಡಿಯೊಳಗೆ ಇನ್ನೊಬ್ಬರ ದನಿ ಬೇಕೇ ಬೇಕು ಎಂದು ಇಟ್ಟಿದ್ದೆವು.

ಕಡತದಲ್ಲಿ ಅದಕ್ಕೆ ಒಂದು ಸಾಲಿನಷ್ಟು ಉದ್ದದ ಹೆಸರಿತ್ತು. ಊರವರು 'ಓ ಬೀಗ' ಎಂದು ಕರೆದರು.

ಒಂದು ಪ್ರಶ್ನೆ ಮಾತ್ರ ನಮ್ಮನ್ನು ಕಾಡಿತು. ಯಾರಾದರೂ ಓ ಎನ್ನದಿದ್ದರೆ ಏನು ಮಾಡಬೇಕು? ಜನ ಬಿಲ್ಲೆಯನ್ನು ಹೊಲದ ಗುಡಿಸಲಲ್ಲಿ ನೇತುಹಾಕಿ ಊರಿಗೆ ಹೋಗಿಬಿಡುತ್ತಾರೆ. ಆಗ ಬೀಗ ಮುಚ್ಚಿಯೇ ಇದ್ದರೆ, ಎಲ್ಲಿಗೋ ಹೋದ ಒಬ್ಬರಿಗಾಗಿ ಎಲ್ಲರ ಬೆಳೆ ಹಂದಿಯ ಪಾಲು. ನಾನು ಮತ್ತು ನಾಜಿಯಾ ಮೂರು ದಿನ ವಾದ ಮಾಡಿ, ಕೊನೆಗೆ ಉತ್ತರ ಬರದಿದ್ದರೆ ಅಲ್ಲಿ ಯಾರೂ ಇಲ್ಲ ಎಂದೇ ಯಂತ್ರ ತಿಳಿಯಲಿ ಎಂದು ತೀರ್ಮಾನಿಸಿದೆವು. ಒಂದು ಸಲ ಕೂಗುವುದು, ದನಿ ಬರದಿದ್ದರೆ ತೆರೆಯುವುದು. ಕಾಗದದ ಮೇಲೆ ಅದು ಬಹಳ ಚೆನ್ನಾಗಿ ಕಾಣುತ್ತಿತ್ತು.

ಬಿಲ್ಲೆ ಕೊಡಲು ಬಸಕ್ಕನ ಮನೆಗೆ ನಾನೇ ಹೋದೆ. ಆಕೆ ಕಟ್ಟೆಯ ಮೇಲೆ ಕೂತು ಶೇಂಗಾ ಬಿಡಿಸುತ್ತಿದ್ದಳು. ನನ್ನ ಕೈಯಲ್ಲಿದ್ದುದನ್ನು ನೋಡಿದಳು, ಮುಟ್ಟಲಿಲ್ಲ.

"ಬಂದೂಕಿಗೆ ಓ ಅನ್ನಾಕ ನನಗ ಬಾಯಿ ಇಲ್ಲಬೇ. ಎಲ್ಲಾ ಒಯ್ದು ಠಾಣೇದಾಗ ಒಗೀರಿ. ಆವಾಗ ಬಂದು ನನ್ನ ಮಾತಾಡ್ಸು."

ನಾನು ಬಿಲ್ಲೆಯನ್ನು ಬ್ಯಾಗಿಗೆ ಹಾಕಿಕೊಂಡು ಎದ್ದೆ. ಆಕೆಯ ಮಾತಿನಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ.

*

ಆ ಸಂಜೆ ನಾಜಿಯಾ ಚಹಾ ತರಲು ಹೋಗಿದ್ದಳು. ಪರದೆಯ ಮೇಲೆ ನಮ್ಮ ಹೊಲದ ಚುಕ್ಕೆ ಮಿನುಗಿತು. ಅತ್ತೆ ಬಂದೂಕು ಎತ್ತಿದ್ದಳು. ಹತ್ತಿರದ ಒಂದು ಬಿಲ್ಲೆಗೆ ಕೂಗು ಹೋಗಿತ್ತು. ಉತ್ತರ ಇರಲಿಲ್ಲ. ಚುಕ್ಕೆ ಹಸಿರಾಯಿತು, ಬೀಗ ತೆರೆದಿತ್ತು.

ಆ ಬಿಲ್ಲೆ ಯಾರದು ಎಂದು ಸುಮ್ಮನೆ ನೋಡಿದೆ. ಗಾದಿಲಿಂಗ. ಬಿಲ್ಲೆ ಇದ್ದದ್ದು ನಳಿಗೆಯ ನೇರಕ್ಕೆ, ಮೆಕ್ಕೆಜೋಳದ ನಡುವೆ.

ನಾನು ಎದ್ದು ನಿಂತೆ. ಫೋನು ಎತ್ತಿದೆ, ಗುಡ್ಡದ ಮರೆಗೆ ಸಿಗ್ನಲ್ ಇಲ್ಲ ಎಂಬುದು ಆಗ ನೆನಪಾಯಿತು. ಬೀಗ ಮುಚ್ಚುವ ಗುಂಡಿ ನಮ್ಮಲ್ಲಿ ಇರಲಿಲ್ಲ, ಅದನ್ನು ಬೇಡ ಎಂದು ತೆಗೆಸಿದವಳೂ ನಾನೇ. ಹಸಿರು ಚುಕ್ಕೆಯ ಮುಂದೆ ಕೈಕಟ್ಟಿ ನಿಲ್ಲುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಚುಕ್ಕೆ ಕೆಂಪಾಯಿತು. ಅತ್ತೆ ಬಂದೂಕು ಇಳಿಸಿದ್ದಳು. ಗುಂಡು ಹಾರಿರಲಿಲ್ಲ.

ಮನೆಗೆ ಓಡಿದೆ. ಪಡಸಾಲೆಯಲ್ಲಿ ಅತ್ತೆ ಗೋಡೆಗೆ ಒರಗಿ ಕೂತಿದ್ದಳು, ಮುಖ ಬಿಳುಚಿಕೊಂಡಿತ್ತು. ಗಾದಿಲಿಂಗ ದನಕ್ಕೆ ತಂದ ಸೊಪ್ಪೆಯ ಹೊರೆಯನ್ನು ಇನ್ನೂ ಇಳಿಸದೆ ಅಂಗಳದಲ್ಲಿ ನಿಂತಿದ್ದ.

"ಮೂರನೇ ಸಲಕ್ಕ ಓ ಅಂದ," ಎಂದಳು ಅತ್ತೆ. "ಬೀಗ ಟಕ್ ಅಂತ ತೆಗೀತು. ಯಾರೂ ಇಲ್ಲಂತ ಮಿಷನ್ ಹೇಳಿತಲ್ಲ, ಹೊಡೀಬೋದಿತ್ತು. ರೂಢಿ ನೋಡು, ಬಾಯಿ ಸುಮ್ನಿರಲಿಲ್ಲ. ಯಾರದೀರಿ ಅಂತ ಮೂರು ಸಲ ಕೂಗಿದೆ. ಮೂರನೇ ಕೂಗಿಗೆ ಜೋಳದಾಗಿಂದ ನನ್ನ ಮಗ ಓ ಅಂದ."

"ಬಿಲ್ಲೆ ಕೂಗಿದ್ದು ನಿಮಗೆ ಕೇಳಿಸಲಿಲ್ಲವಾ?" ನಾನು ಗಾದಿಲಿಂಗನನ್ನು ಕೇಳಿದೆ.

"ಕೇಳಿಸ್ತು."

"ಮತ್ತೆ?"

ಆತ ಹೊರೆ ಇಳಿಸಿದ. ತಲೆ ಎತ್ತಲಿಲ್ಲ. "ಹೊತ್ತು ಮುಳುಗಿತ್ತು, ಇಂದು. ಅವ್ವನ ದನಿ, ನನ್ನ ಹೆಸರು. ಒಂದು ಸಲ ಕೂಗಿ ಸುಮ್ಮನಾತು. ಬಾಯಿ ಬರಲಿಲ್ಲ."

ನನಗೆ ಅರ್ಥವಾಗಲಿಲ್ಲ. ಅತ್ತೆಗೆ ಆಯಿತು. ಆಕೆಯೇ ಹೇಳಿದಳು: ಮುಸ್ಸಂಜೆಯ ಮೇಲೆ ಯಾರಾದರೂ ಹೆಸರು ಹಿಡಿದು ಕೂಗಿದರೆ ಮೊದಲ ಕೂಗಿಗೆ ಓ ಅನ್ನಬಾರದು. ದೆವ್ವ, ಗಾಳಿ ಇಂಥವು ನಮ್ಮವರ ದನಿಯಲ್ಲೇ ಕೂಗುತ್ತವೆ, ಆದರೆ ಒಂದೇ ಸಲ. ಮನುಷ್ಯರಾದರೆ ಮೂರು ಸಲ ಕೂಗುತ್ತಾರೆ. ಅದಕ್ಕೇ ಈ ಊರಿನಲ್ಲಿ ಕೂಗುವವರು ಮೂರು ಸಲ ಕೂಗುತ್ತಾರೆ, ಓ ಎನ್ನುವವರು ಮೂರನೆಯದಕ್ಕೆ ಕಾಯುತ್ತಾರೆ. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ಹಾಲು ಕುಡಿಯುವಾಗಲೇ ಬಂದುಬಿಡುತ್ತದೆ.

"ನೀವು ದೆವ್ವ ನಂಬುತ್ತೀರಾ?" ಎಂದೆ. ದೆವ್ವ ಭೂತ ಸುಳ್ಳು ಎಂದು ಮಕ್ಕಳಿಗೆ ಪ್ರತಿವರ್ಷ ಭಾಷಣ ಮಾಡುವ ಮೇಷ್ಟ್ರು ಈತ.

"ನಂಬೋದಿಲ್ಲ," ಎಂದ ಗಾದಿಲಿಂಗ. "ಆದರೂ ಬಾಯಿ ಬರಲಿಲ್ಲ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಅತ್ತೇಬಿಟ್ಟೆ. ಆತನನ್ನು ಬೈಯುವ ಯೋಗ್ಯತೆಯೂ ನನಗಿರಲಿಲ್ಲ. ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ನಾನು ಒಂದೇ ಸಲಕ್ಕೆ ಎತ್ತುತ್ತೇನೆಯೇ? ಮೂರು ಸಲ ಬಡಿದುಕೊಂಡರೆ ಯಾರೋ ನಿಜವಾಗಿ ಬೇಕಾದವರಿರಬೇಕು ಎಂದು ಎತ್ತುತ್ತೇನೆ. ಆ ಭಯವನ್ನೇ ನಾನು ಬೇರೆ ಹೆಸರಿನಲ್ಲಿ ಸಾಕಿಕೊಂಡಿದ್ದೆ, ಅಷ್ಟೇ.

*

ಮರುದಿನವೇ ನಿಯಮವನ್ನು ತಿರುವಿಹಾಕಿದೆವು. ಬಿಲ್ಲೆ ಮೂರು ಸಲ ಕೂಗಬೇಕು, ನಡುವೆ ಉಸಿರಾಡುವಷ್ಟು ಬಿಡುವು ಕೊಡಬೇಕು. ಮೂರಕ್ಕೂ ದನಿ ಬರದಿದ್ದರೆ ಬೀಗ ತೆರೆಯಬಾರದು. ಮೌನವೆಂದರೆ 'ಯಾರೂ ಇಲ್ಲ' ಎಂದು ತಿಳಿಯುವುದನ್ನು ಯಂತ್ರಕ್ಕೆ ಮರೆಸಿದೆವು. ಊರಿಗೆ ಹೋಗುವವರು ಬಿಲ್ಲೆಯನ್ನು ಪಕ್ಕದ ಹೊಲದವರ ಕೈಗೆ ಕೊಟ್ಟು ಹೋಗಬೇಕು, ಅವರು ಇವರ ಪರವಾಗಿ ಓ ಎನ್ನಬೇಕು. ಕಾಯುವವರಿರುವ ಯಾವ ಹೊಲವೂ ಬಿಲ್ಲೆ ಇಲ್ಲದೆ ಇರುವಂತಿಲ್ಲ, ಇದ್ದರೆ ಅಕ್ಕಪಕ್ಕದ ಬಂದೂಕು ತೆರೆಯುವುದಿಲ್ಲ.

ನಡೆದದ್ದನ್ನು ಇದ್ದ ಹಾಗೆಯೇ ವರದಿಯಲ್ಲಿ ಬರೆದೆ. ಬರೆಯಬೇಡಿ ಎಂದು ನಾಜಿಯಾ ಕೈಹಿಡಿದು ಬೇಡಿಕೊಂಡಳು. ಅವಳ ಹೆದರಿಕೆ ಸರಿಯೇ ಆಗಿತ್ತು. ನೀತಿ ಸಮಿತಿಯ ಅಧ್ಯಕ್ಷರು ಮುಕುಂದರಾವ್ ಎಂಬ ನಿವೃತ್ತ ಅಧಿಕಾರಿ, ಒಳ್ಳೆಯ ಮನುಷ್ಯ. ವರದಿ ಓದಿ ನನ್ನನ್ನು ಕರೆಸಿಕೊಂಡರು.

"ನಿಮ್ಮ ಬೀಗ ನಿಮ್ಮ ಯಜಮಾನರನ್ನೇ ಬಲಿ ತೆಗೆದುಕೊಳ್ಳುತ್ತಿತ್ತಲ್ಲಮ್ಮ."

"ಹೌದು ಸರ್. ಈಗ ಸರಿಮಾಡಿದ್ದೇವೆ."

"ಸರಿ ಆಯಿತೋ, ಇನ್ನೊಂದು ಕಡೆ ಕೆಟ್ಟಿತೋ? ಈಗ ಒಬ್ಬರು ಮುನಿಸಿಕೊಂಡು ಬಾಯಿಮುಚ್ಚಿ ಕೂತರೆ ಸುತ್ತಲಿನ ಬಂದೂಕೆಲ್ಲ ಕಟ್ಟಿಗೆ. ಹಳ್ಳಿಯಲ್ಲಿ ಮುನಿಸಿಗೆ ಬರವೇ? ಆ ಬಸಕ್ಕ ಬಿಲ್ಲೆಯನ್ನೇ ತೆಗೆದುಕೊಂಡಿಲ್ಲವಂತೆ. ಆಕೆಯ ಸುತ್ತಲಿನ ಹೊಲಗಳ ಗತಿಯೇನು?"

ಗತಿಯೇನೆಂದು ನನಗೆ ಮನೆಯಲ್ಲೇ ದಿನವೂ ಕೇಳಿಸುತ್ತಿತ್ತು. ಹೊಸ ನಿಯಮ ಬಂದಮೇಲೆ ಅತ್ತೆಯ ಬಂದೂಕು ಒಂದು ಸಲವೂ ತೆರೆದಿರಲಿಲ್ಲ. ಬಸಕ್ಕನ ಹೊಲದ ಕಡೆಯಿಂದ ಓ ಬರದೆ ಅದು ತೆರೆಯುವಂತಿರಲಿಲ್ಲ. ಬದುವಿನ ಈಚೆಯ ಶೇಂಗಾವನ್ನು ಹಂದಿಗಳು ಸಾಲು ಹಿಡಿದು ಉತ್ತಿದ್ದವು. "ಹೋಗಿ ಬಸಕ್ಕನನ್ನು ಕೇಳಿ ಅತ್ತೆ," ಎಂದು ನಾನು ಅಂದರೆ, "ಯಾವ ಬಾಯಿಲೆ ಕೇಳಲಿ? ಅಕಿ ಗಂಡನ ತಿಂದದ್ದೂ ಇಂಥಾದ್ದ ಒಂದು ಬಂದೂಕು. ನನ್ನ ಬೆಳಿ ಹೋದ್ರ ಹೋಗಲಿ," ಎನ್ನುತ್ತಿದ್ದಳು. ಹಾಗೆ ಹೇಳಿ, ಸಂಜೆ ಆ ಕೋಪವನ್ನೆಲ್ಲ ನನ್ನ ಮೇಲೆ ತೀರಿಸಿಕೊಳ್ಳುತ್ತಿದ್ದಳು.

"ಮೂರು ವರ್ಷದ ಲೆಕ್ಕ ನೋಡಿದೆ," ಎಂದರು ಮುಕುಂದರಾವ್. "ಚುನಾವಣೆಗೆಂದು ಬಂದೂಕು ಠಾಣೆಯಲ್ಲಿದ್ದ ತಿಂಗಳುಗಳಲ್ಲಿ ಬಂದೂಕಿನಿಂದ ಒಂದು ಸಾವೂ ಇಲ್ಲ."

"ಅದೇ ತಿಂಗಳುಗಳಲ್ಲಿ ಕರಡಿ ಹರಿದು ಆಸ್ಪತ್ರೆ ಸೇರಿದವರ ಲೆಕ್ಕವೂ ಅಲ್ಲಿದೆ ಸರ್. ಕದ್ದು ಮಾಡಿಸಿದ ನಾಡಬಂದೂಕು ಸಿಕ್ಕದ್ದೂ ಆಗಲೇ. ಲೈಸೆನ್ಸಿನದನ್ನು ನಾವು ಒಯ್ದರೆ ಲೆಕ್ಕಕ್ಕೆ ಸಿಗದ್ದು ಹುಟ್ಟುತ್ತದೆ."

"ಗೊತ್ತು. ಯಾವುದೂ ಪೂರಾ ಒಳ್ಳೆಯದಲ್ಲ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಕರಡಿಹಟ್ಟಿಯಲ್ಲೇ ಸಭೆ ಕರೆಯೋಣ. ಒಂದನೆಯ ಕರಡನ್ನು ಓದುತ್ತೇನೆ. ಜನ ಬೇಡ ಎನ್ನದಿದ್ದರೆ ಅದನ್ನೇ ಶಿಫಾರಸು ಮಾಡುತ್ತೇನೆ. ನಿಮ್ಮ ಬೀಗ ಅಲ್ಲಿಗೆ ಮುಗಿಯಿತು."

*

ಸಭೆ ನಡೆದದ್ದು ಹೈಸ್ಕೂಲಿನ ಮೈದಾನದಲ್ಲಿ, ಬೆಳಗಿನ ಹೊತ್ತು. ಶಾಮಿಯಾನ ಕಟ್ಟಿಸಿದವನು ಗಾದಿಲಿಂಗ, ಸಾಲಾಗಿ ಕುರ್ಚಿ ಹಾಕಿಸಿ, ಜನ ಬಂದಂತೆ ಸೀಟಿ ಊದಿ ಕೂರಿಸಿದ. ಮುಂದಿನ ಸಾಲಿನಲ್ಲಿ ಅತ್ತೆ, ಎಲ್ಲಕ್ಕಿಂತ ಹಿಂದೆ ಬೇವಿನ ಮರದ ಕೆಳಗೆ ಬಸಕ್ಕ. ಸಣ್ಣೀರಪ್ಪ ಕುರ್ಚಿಯಲ್ಲಿ ಕೂರದೆ ಕಂಬಕ್ಕೆ ಒರಗಿ ನಿಂತಿದ್ದರು. ಜನ ಅವರಿಂದ ಒಂದು ಮಾರು ದೂರ ಕೂತಿದ್ದರು.

ಮುಕುಂದರಾವ್ ಕರಡನ್ನು ಪೂರಾ ಓದಿದರು. ಒಪ್ಪಿಸತಕ್ಕದ್ದು, ಪಡೆಯತಕ್ಕದ್ದು, ತಪ್ಪಿದಲ್ಲಿ ದಂಡನೆಗೆ ಒಳಗಾಗತಕ್ಕದ್ದು. ಅರ್ಧ ಜನ ಆಕಳಿಸಿದರು. ಓದಿ ಮುಗಿಸಿ ಕೇಳಿದರು: "ಇದಕ್ಕೆ ಯಾರದಾದರೂ ಆಕ್ಷೇಪಣೆ ಇದೆಯೇ?"

ಯಾರೂ ಮಾತಾಡಲಿಲ್ಲ. ನಿನ್ನೆ ರಾತ್ರಿ ಕಟ್ಟೆಯ ಮೇಲೆ ಕೂತು ಸರ್ಕಾರವನ್ನು ಹಿಗ್ಗಾಮುಗ್ಗಾ ಬೈದವರೂ ನೆಲ ನೋಡುತ್ತಿದ್ದರು. ಅತ್ತೆ ಕೂಡ ಸೆರಗಿನ ತುದಿ ಸುತ್ತುತ್ತ ಸುಮ್ಮನಿದ್ದಳು. ಪಕ್ಕದಲ್ಲಿದ್ದ ಗುಮಾಸ್ತ ಪೆನ್ನು ತೆಗೆದು, 'ಆಕ್ಷೇಪಣೆ ಇರುವುದಿಲ್ಲ' ಎಂದು ಬರೆಯಲು ಶುರುಮಾಡಿದ.

ನನಗೆ ಆ ಹಸಿರು ಚುಕ್ಕೆ ಕಣ್ಣಿಗೆ ಕಟ್ಟಿತು. ಒಂದು ಕೂಗು, ಉತ್ತರ ಇಲ್ಲ, ಬೀಗ ತೆರೆ. ನಾನು ಎದ್ದು ನಿಂತುಬಿಟ್ಟೆ.

"ಸರ್, ಇನ್ನೊಂದು ಸಲ ಕೇಳಿ."

"ಕೇಳಿದೆನಲ್ಲಮ್ಮ. ಯಾರೂ ಏನೂ ಹೇಳಲಿಲ್ಲ."

"ಈ ಊರಲ್ಲಿ ಮೊದಲ ಕೂಗಿಗೆ ಯಾರೂ ಓ ಅನ್ನುವುದಿಲ್ಲ ಸರ್. ನನ್ನ ವರದಿಯಲ್ಲಿ ಬರೆದಿದ್ದೇನೆ. ಮೂರು ಸಲ ಕೇಳಬೇಕು."

ಜನ ನಕ್ಕರು. ಮುಕುಂದರಾವ್ ನಗಲಿಲ್ಲ. ನನ್ನನ್ನು ಒಂದು ಕ್ಷಣ ನೋಡಿ, ಕಾಗದ ಕೆಳಗಿಟ್ಟು, ಈ ಸಲ ಕಡತದ ಭಾಷೆ ಬಿಟ್ಟು ಕೇಳಿದರು: "ಬಂದೂಕು ಎಲ್ಲಾ ತಗೊಂಡು ಹೋಗಿ ಠಾಣೆಯಲ್ಲಿ ಇಡ್ತೀವಿ. ಏನಾದರೂ ಹೇಳೋದಿದೆಯಾ?"

ಆಮೇಲೆ ಕಂಬದ ಹತ್ತಿರ ಸಣ್ಣೀರಪ್ಪ ಗಂಟಲು ಸರಿಮಾಡಿಕೊಂಡರು.

"ಕೋರ್ಟಿನಾಗ ನನ್ನ ಕೇಳಿದ್ರು, ಹೊಡಿಯಾಕ ಮೊದಲು ಕೂಗಿದ್ದಿಯೇನು ಅಂತ. ಕೂಗಿದ್ದೆ ಅಂದೆ. ಬರಕೊಂಡ್ರು. ಎಷ್ಟು ಸಲ ಅಂತ ಯಾರೂ ಕೇಳಲಿಲ್ಲ." ಅವರು ಬೇವಿನ ಮರದ ಕಡೆ ನೋಡುವ ಧೈರ್ಯ ಮಾಡಲಿಲ್ಲ, ನಮ್ಮ ಅತ್ತೆಯ ಕಡೆ ನೋಡುತ್ತ ಹೇಳಿದರು. "ಒಂದ ಸಲ ಕೂಗಿದ್ದೆ. ಹಂದಿ ಓಡಿ ಹೋಗ್ತಾವು ಅಂತ ಅವಸರ ಮಾಡಿದೆ. ತಿಪ್ಪೇಶಿಗೆ ನನ್ನ ದನಿ ಕೇಳಿರ್ತೈತಿ. ಅಂವ ಮೂರನೇದಕ್ಕ ಕಾಯ್ಕೊಂತ ಇದ್ದ."

ಗಾದಿಲಿಂಗನ ಕೈಯ ಸೀಟಿ ಕೆಳಗೆ ಬಿತ್ತು. ಆತ ಎತ್ತಿಕೊಳ್ಳಲಿಲ್ಲ.

ಮುಕುಂದರಾವ್ ಮೆಲ್ಲನೆ ಮೂರನೆಯ ಸಲ ಕೇಳಿದರು. "ಇನ್ಯಾರಾದರೂ?"

ಬಸಕ್ಕ ಎದ್ದಳು. ಹಿಂದಿನಿಂದ ಮುಂದಿನವರೆಗೂ ನಡೆದು ಬಂದಳು. ಸಣ್ಣೀರಪ್ಪನವರ ಎದುರು ನಿಂತಾಗ ಏನಾಗುತ್ತದೋ ಎಂದು ನಾನು ಎರಡು ಹೆಜ್ಜೆ ಮುಂದೆ ಹೋದೆ. ಆಕೆ ಅವರನ್ನು ದಾಟಿಕೊಂಡು ಮೇಜಿನ ಹತ್ತಿರ ಬಂದಳು.

"ಮೂರು ವರ್ಷ ಆತು, ನನ್ನ ಯಾರೂ ಕೇಳಿರಲಿಲ್ಲ. ಪಾಪ ಅಂದ್ರು, ಪರಿಹಾರ ಅಂದ್ರು. ನಿನಗೇನು ಬೇಕಬೇ ಅಂತ ಕೇಳಲಿಲ್ಲ. ಬಂದೂಕು ಎಲ್ಲಾ ಒಯ್ಯಿರಿ ಅಂತ ನಾನ ಅಂದಿದ್ದೆ. ಒಯ್ದ್ರ ನನ್ನ ಗಂಡ ಬರೂದಿಲ್ಲ, ಹಂದಿ ಬರ್ತಾವು." ಕೈ ಚಾಚಿ ನನ್ನ ಕಡೆ ನೋಡಿದಳು. "ಬಿಲ್ಲೆ ಕೊಡಬೇ. ಮೂರು ಸಲ ಕೂಗಲಿ. ನಾನು ಓ ಅನ್ನದಿದ್ರ ತೆರೀಬಾರ್ದು."

"ಸಿಟ್ಟಿನಲ್ಲಿ ನೀವು ಓ ಅನ್ನದೇ ಇದ್ದರೆ ತಾಯಿ?" ಮುಕುಂದರಾವ್ ಕೇಳಿದರು. ಅದು ಅವರ ದೊಡ್ಡ ಅನುಮಾನವಾಗಿತ್ತು.

"ಸಿಟ್ಟು ಐತ್ರಿ, ಇಲ್ಲಂತ ಹೇಳೂದಿಲ್ಲ. ಎಷ್ಟು ದಿನ ಮಾಡಲಿ? ಬೊಮ್ಮವ್ವನ ಹೊಲ ಮುಗಿಸಿ ಹಂದಿ ನನ್ನ ಹೊಲಕ್ಕ ಬರ್ತಾವಲ್ರಿ. ಬದುವಿಗೆ ಬಾಗಿಲು ಇಲ್ಲ."

ಗುಮಾಸ್ತ ಬರೆದದ್ದನ್ನು ತಾನೇ ಹೊಡೆದುಹಾಕಿದ. ನನ್ನ ಬ್ಯಾಗಿನಲ್ಲಿ ಆ ಬಿಲ್ಲೆ ಇನ್ನೂ ಇತ್ತು. ತೆಗೆದು ಆಕೆಯ ಅಂಗೈಯಲ್ಲಿಟ್ಟೆ, ಆಕೆ ಅಲ್ಲೇ ಕೊರಳ ದಾರಕ್ಕೆ ಕಟ್ಟಿಕೊಂಡಳು.

ಸಮಿತಿ ಕೊನೆಗೆ ಯಾವ ಕರಡನ್ನೂ ಇದ್ದ ಹಾಗೆ ಒಪ್ಪಲಿಲ್ಲ. ಓ ಬೀಗವನ್ನು ಮೂರು ಕೂಗಿನ ನಿಯಮದೊಂದಿಗೆ ಇನ್ನೂ ಕೆಲವು ತಾಲ್ಲೂಕುಗಳಲ್ಲಿ ನೋಡೋಣ, ಅಕ್ಕಪಕ್ಕದವರು ಓ ಎನ್ನಲು ಒಪ್ಪದ ಕಡೆ ಬಂದೂಕು ಠಾಣೆಗೆ ಹೋಗಲಿ ಎಂದು ಬರೆಯಿತು. ಇದರಲ್ಲೂ ತೊಡಕುಗಳಿವೆ. ಜಾತಿಗೊಂದು ಮಾತು, ಬಾವಿಗೊಂದು ಜಗಳ ಇರುವ ಊರುಗಳಲ್ಲಿ ಇದು ನಡೆಯುವುದೇ ಎಂದು ನನಗೆ ಗೊತ್ತಿಲ್ಲ. ಯಾವ ಸಭೆಯಲ್ಲಾದರೂ ಇನ್ನು ಮೇಲೆ ಒಂದು ವಿಷಯವನ್ನು ಮೂರು ಸಲ ಕೇಳಬೇಕೆಂದು ಮುಕುಂದರಾವ್ ಸೇರಿಸಿದ ಸಾಲು ಮಾತ್ರ ನನಗೆ ಬಹಳ ಹಿಡಿಸಿತು.

*

ನಾಲ್ಕು ದಿನದ ಮೇಲೆ, ಬೆಳಕು ಹರಿಯುವ ಹೊತ್ತಿಗೆ, ಅತ್ತೆ ನನ್ನನ್ನೂ ಅಟ್ಟ ಹತ್ತಿಸಿದಳು. ನಿನ್ನ ಬೀಗದ ಬಣ್ಣ ನೀನೇ ಕಣ್ಣಾರೆ ನೋಡು ಎಂಬುದು ಆಕೆಯ ವಾದ. ನಾಲ್ಕು ಕಂಬದ ಮೇಲೆ ಕಟ್ಟಿದ ಆ ಹಲಗೆ ಇಬ್ಬರ ಭಾರಕ್ಕೆ ಕಿರುಗುಟ್ಟುತ್ತಿತ್ತು. ಮಂಜಿನಲ್ಲಿ ಬದುವಿನ ಆಚೆ ಬಸಕ್ಕನ ಗುಡಿಸಲು ಮಸುಕಾಗಿ ಕಾಣುತ್ತಿತ್ತು.

ಹಂದಿಗಳು ಬಂದವು. ಒಂದು ದೊಡ್ಡದು, ಹಿಂದೆ ಐದಾರು. ಶೇಂಗಾ ಸಾಲಿಗೆ ಮೂತಿ ಹಾಕಿದವು. ಅತ್ತೆ ಬಂದೂಕು ಹೆಗಲಿಗೇರಿಸಿದಳು.

ಬದುವಿನ ಆಚೆಯಿಂದ, ಬಿಲ್ಲೆಯೊಳಗಿಂದ, ಅತ್ತೆಯದೇ ದನಿ ಎದ್ದಿತು. "ಬಸಕ್ಕೋ..."

ಉತ್ತರ ಇಲ್ಲ. ಮೊದಲ ಕೂಗಿಗೆ ಅದು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಬಸಕ್ಕೋ..."

ನಳಿಗೆ ಹಂದಿಗಳ ಕಡೆಗೇ ಇತ್ತು, ಅತ್ತೆಯ ನೋಟ ಮಾತ್ರ ಅಲ್ಲಿರಲಿಲ್ಲ. ಆಕೆಯ ಕಣ್ಣು ಪಕ್ಕಕ್ಕೆ, ಗುಡಿಸಲಿನ ಕಡೆ ಇತ್ತು.

"ಬಸಕ್ಕೋ..."

ಒಂದು ಉಸಿರು. ಇನ್ನೊಂದು. ಆಮೇಲೆ ಮಂಜಿನೊಳಗಿಂದ, ಯಂತ್ರದ್ದಲ್ಲದ, ಎದ್ದು ಮುಖ ತೊಳೆಯುವ ಮೊದಲಿನ ಒರಟು ದನಿ ಬಂತು. "ಓ..."

ಬೀಗ ಟಕ್ ಎಂದು ತೆರೆಯಿತು. ಹಂದಿಗಳು ಇನ್ನೂ ಅಲ್ಲೇ ಇದ್ದವು, ಹತ್ತಿರದಲ್ಲೇ. ಅತ್ತೆ ಹೊಡೆಯಲಿಲ್ಲ. ಬಂದೂಕು ಮೆಲ್ಲಗೆ ಇಳಿಯಿತು. ನಾನು ಮುಟ್ಟಿ ಎಚ್ಚರಿಸುವಷ್ಟರಲ್ಲಿ ಹಂದಿಗಳು ಒಂದು ಸಾಲು ಪೂರಾ ಮುಗಿಸಿ ಗುಡ್ಡದ ಕಡೆ ನಡೆದವು.

ಬಸಕ್ಕ ಗುಡಿಸಲಿನಿಂದ ಹೊರಗೆ ಬಂದು ಬದುವಿನ ಮೇಲೆ ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು.

"ಯಾಕಬೇ ಬೊಮ್ಮಿ, ಓ ಅಂದೆನಲ್ಲ? ಯಾಕ ಹೊಡೀಲಿಲ್ಲ?"

"ಮರೆತೆನಬೇ," ಎಂದು ಅತ್ತೆ ಅಟ್ಟದ ಮೇಲಿನಿಂದ ಕೂಗಿದಳು. "ನಿನ್ನ ದನಿ ಕೇಳಿ ಮರೆತುಬಿಟ್ಟೆ."

ಬಸಕ್ಕ ಹಂದಿ ಉತ್ತುಹೋದ ಸಾಲನ್ನು ನೋಡಿದಳು. ಆಮೇಲೆ ಅಲ್ಲೇ ಬದುವಿನ ಮೇಲೆ ಕೂತಳು, ಒಬ್ಬರಿಗೆ ಕೂರಲು ಜಾಗ ಬಿಟ್ಟು.

"ಇಳಿದು ಬಾ," ಎಂದಳು. "ಬುತ್ತಿ ತಂದೀಯಿಲ್ಲೋ?"

ಅತ್ತೆ ಬಂದೂಕನ್ನು ನನ್ನ ಕೈಗೆ ತುರುಕಿ, ಬುತ್ತಿಯ ಗಂಟು ಹಿಡಿದು, ಆ ವಯಸ್ಸಿನಲ್ಲಿ ಇಳಿಯಬಾರದಷ್ಟು ಬೇಗ ಅಟ್ಟ ಇಳಿದಳು. ಅವತ್ತು ನಾನು ಕಚೇರಿಗೆ ತಡವಾಗಿ ಹೋದೆ. ನಾಜಿಯಾ ಪರದೆ ನೋಡಿ ಅಂದಿನ ಸಾಲನ್ನು ಓದಿ ಹೇಳಿದಳು: ಕರಡಿಹಟ್ಟಿ, ಕೂಗು ಮೂರು, ಓ ಒಂದು, ಗುಂಡು ಇಲ್ಲ.